ಉಗುರಗಲದ ಕೇಕು

ಮೈ ಇಳಿದರೂ ಹೆಸರು ಇಳಿದಿರಲಿಲ್ಲ. ಪರದೆ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳು ಈಗಲೂ ಎಲ್ಲರಿಗೂ ಗುಂಡಕ್ಕನೇ. ಮನೆಮನೆಗೆ ಹೋಗಿ ಕಿಟಕಿಗಳ ಅಳತೆ ತರುವುದು, ತಂದ ಅಳತೆಗೆ ಬಟ್ಟೆ ಕತ್ತರಿಸುವುದು ಅವಳ ಕೆಲಸ. ಹೊಟ್ಟೆಯನ್ನು ಅರ್ಧಕ್ಕಿಂತ ಚಿಕ್ಕದು ಮಾಡಿಸಿಕೊಂಡು ತೂಕ ಇಳಿಸಿದ್ದು ಗಂಡನಿಗೂ ಅಮ್ಮನಿಗೂ ಮಾತ್ರ ಗೊತ್ತು. ಕಾರ್ಖಾನೆಯಲ್ಲಿ ಪಿತ್ತಕೋಶದ ಕಲ್ಲು ತೆಗೆಸಿದೆ ಎಂದಿದ್ದಳು. ನಿಜ ಹೇಳಿದರೆ ಬಾಯಿ ಕಟ್ಟಲಾಗದೆ ಹೊಟ್ಟೆ ಕೊಯ್ಸಿಕೊಂಡಳು ಎಂದು ಹೊಲಿಗೆಯವರು ಸೂಜಿಗೊಂದು ಮಾತು ಪೋಣಿಸಿಯಾರು ಎಂಬ ಅಂಜಿಕೆ.

ಹೇಳಿದ ಸುಳ್ಳನ್ನು ಸಾಕುವುದು ಸಿಹಿ ಹಂಚುವ ದಿನಗಳಲ್ಲಿ ತ್ರಾಸವಾಗುತ್ತಿತ್ತು. ಒಬ್ಬರಿಗೆ ಮಗು ಹುಟ್ಟಿತು, ಇನ್ನೊಬ್ಬರ ತಮ್ಮ ಪಾಸಾದ, ಮತ್ತೊಬ್ಬರು ಸ್ಕೂಟರ್ ತಗೊಂಡರು. ಎಲ್ಲದಕ್ಕೂ ಒಂದು ಡಬ್ಬಿ ಸಿಹಿ. ಚಿಕಿತ್ಸೆಯಾದ ಹೊಸದರಲ್ಲಿ ಮಾಲೀಕರ ಮೊಮ್ಮಗಳ ಹುಟ್ಟುಹಬ್ಬವೆಂದು ಒಂದು ಚಾಕೊಲೇಟು ನುಂಗಿದ್ದಳು. ಸ್ವಲ್ಪ ಹೊತ್ತಿಗೇ ಎದೆ ಡವಡವ, ಮೈಯೆಲ್ಲ ತಣ್ಣನೆ ಬೆವರು, ಕಣ್ಣು ಕತ್ತಲೆ. ಸ್ಟೋರಿನಲ್ಲಿ ಬಟ್ಟೆ ರೋಲುಗಳ ಮೇಲೆ ಒರಗಿಕೊಂಡು, ಇವತ್ತಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡಿದ್ದಳು. ಸಕ್ಕರೆ ಸೀದಾ ಕರುಳಿಗೆ ಇಳಿದರೆ ಹಾಗಾಗುತ್ತದೆ ಎಂದು ಆಮೇಲೆ ಡಾಕ್ಟರಮ್ಮ ಬೈದು ಬುದ್ಧಿ ಹೇಳಿದ್ದರು.

ಅಂದಿನಿಂದ ಗುಂಡಕ್ಕ ಕೈಚಳಕ ಕಲಿತಳು. ಮಗಳಿಗೆ ಎಂದು ಕರವಸ್ತ್ರದಲ್ಲಿ ಸುತ್ತುವುದು. ಬಾಯಲ್ಲಿ ಲವಂಗ ಇದೆ ಎನ್ನುವುದು. ಕೈಗೆ ತೆಗೆದುಕೊಂಡು, ಫೋನ್ ಬಂದಂತೆ ಮಾಡಿ ಮೂಲೆಗೆ ಹೋಗಿ ಚಿಂದಿ ಚೀಲದೊಳಗೆ ತಳ್ಳುವುದು. ಒಮ್ಮೆ ಆ ಚೀಲಕ್ಕೆ ಇರುವೆ ಮುತ್ತಿ, ಬಟ್ಟೆಗೂ ಶುಗರ್ ಬಂತಾ ಎಂದು ಕಟಿಂಗ್ ಟೇಬಲ್ಲಿನ ಅಜ್ಜ ನಗೆಯಾಡಿದಾಗ ಅವಳೂ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು.

ಇವತ್ತು ಆ ಯಾವ ಆಟವೂ ನಡೆಯುವಂತಿರಲಿಲ್ಲ. ಕಟಿಂಗ್ ವಿಭಾಗದ ಮೇಲ್ವಿಚಾರಕಿಯಾಗಿ ಗುಂಗುರಿಯ ಹೆಸರು ಬಂದಿತ್ತು. ಗುಂಗುರು ಕೂದಲಿನ ಈ ಹುಡುಗಿಗೆ ಕತ್ತರಿ ಹಿಡಿಯಲು ಕಲಿಸಿದ್ದೇ ಗುಂಡಕ್ಕ. ಆ ಜಾಗ ಗುಂಡಕ್ಕನದೇ ಎಂದು ಗೇಟಿನ ಕಾವಲುಗಾರನೂ ಹೇಳುತ್ತಿದ್ದ. ಚಿಕಿತ್ಸೆಯ ರಜೆ ಮುಗಿಸಿ ಬಂದು ನೋಡಿದರೆ ಗಾಳಿ ತಿರುಗಿತ್ತು. ಮಾಲೀಕರ ಕಿವಿಗೆ ಯಾರೋ ಏನೋ ಹಾಕಿದ್ದಾರೆ. ಯಾರು ಎಂಬುದೊಂದೇ ಅವಳ ತಲೆ ಕೊರೆಯುತ್ತಿತ್ತು. ಸಿಹಿ ಬೇಡ ಎಂದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ತಿಂದರೆ ಎಲ್ಲರೆದುರೇ ನೆಲಕ್ಕೆ ಕೂರಬೇಕಾಗುತ್ತದೆ.

ಊಟದ ಬಿಡುವಿನಲ್ಲಿ ಉದ್ದದ ಮೇಜಿನ ಮೇಲಿದ್ದ ಬಟ್ಟೆ ಸರಿಸಿ ಕೇಕು ಇಟ್ಟರು. ಬಿಳಿ ಕ್ರೀಮು, ಮೇಲೆ ಗುಲಾಬಿ ಬಣ್ಣದ ಹೂವು. ಗುಂಗುರಿಯೇ ಕತ್ತರಿಸಿ ತಟ್ಟೆಗಳಿಗೆ ಹಾಕುತ್ತಿದ್ದಳು. ಪ್ರತಿ ತಟ್ಟೆ ಕೈಯಿಂದ ಕೈಗೆ ದಾಟುವಾಗಲೂ ಒಂದು ಕಣ್ಣು ತನ್ನ ಕಡೆ ಹೊರಳಿದಂತೆ ಗುಂಡಕ್ಕನಿಗೆ ಅನಿಸಿತು. ಇಸ್ತ್ರಿಯವಳು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಮಾಲೀಕರು ಮಾತ್ರ ಯಾರನ್ನೂ ನೋಡದೆ ಕ್ರೀಮು ನೆಕ್ಕುತ್ತಿದ್ದರು. ಅಷ್ಟೊಂದು ನೋಡದಿರುವುದೇ ಸಾಕು, ಒಳಗೆ ಏನೋ ಇದೆ.

ಆಗ ಗುಂಗುರಿ ಅವಳ ಮುಂದೆ ಬಂದು ನಿಂತಳು. ಕೈಯಲ್ಲಿದ್ದದ್ದು ಕಾಗದದ ತಟ್ಟೆಯಲ್ಲ, ಚಹಾದ ಬಸಿ. ಅದರ ನಡುವೆ ಕ್ರೀಮು ಕೆರೆದು ತೆಗೆದ, ಉಗುರಗಲದ ಒಂದು ತುಂಡು ಕೇಕು. ಪಕ್ಕದಲ್ಲಿ ಪುಟ್ಟ ಚಮಚ.

ಇದು ಅಕ್ಕರೆಯೋ, ನಿನ್ನ ಗುಟ್ಟು ಗೊತ್ತು ಎಂದು ತಿಳಿಸುವ ಬಗೆಯೋ? ಗೊತ್ತಿಲ್ಲದವರು ಹೀಗೆ ಇಷ್ಟೇ ಇಷ್ಟು ಕತ್ತರಿಸಿ ಕೊಡುವುದಿಲ್ಲ. ಗುಂಡಕ್ಕ ಬಸಿಯನ್ನು ಮುಟ್ಟದೆ, ಅದನ್ನು ಮೇಜಿನ ಮೇಲಿಟ್ಟು ಸ್ವಲ್ಪ ಬಾ ಎಂದು ಗುಂಗುರಿಯನ್ನು ಸ್ಟೋರಿಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಲಿಲ್ಲ ಎಂದಳು ಗುಂಗುರಿ. ಅವಳ ಸೋದರಮಾವನಿಗೂ ಇದೇ ಚಿಕಿತ್ಸೆಯಾಗಿತ್ತಂತೆ. ಅವನೂ ಹೀಗೇ ಚಮಚದಲ್ಲಿ ಉಣ್ಣುತ್ತಿದ್ದನಂತೆ, ತುತ್ತಿನ ಜೊತೆ ನೀರು ಮುಟ್ಟುತ್ತಿರಲಿಲ್ಲವಂತೆ, ಒಂದು ತುತ್ತನ್ನು ಊರೆಲ್ಲ ತಿರುಗಿ ಬರುವಷ್ಟು ಹೊತ್ತು ಅಗಿಯುತ್ತಿದ್ದನಂತೆ. ಗುಂಡಕ್ಕ ರಜೆಯಿಂದ ಬಂದ ವಾರವೇ ಅವಳಿಗೆ ಅನುಮಾನ ಬಂದಿತ್ತು. ಚಿಂದಿ ಚೀಲ ಖಾಲಿ ಮಾಡುವವಳೂ ಅವಳೇ, ಇರುವೆ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಹೇಳುತ್ತ ಹೇಳುತ್ತ ಅವಳ ದನಿ ಮೆತ್ತಗಾಯಿತು. ನಿನಗೆ ಮುಜುಗರ ಆಗದಿರಲಿ ಅಂತಲೇ ಬೇರೆ ಬಸಿಯಲ್ಲಿ ತಂದೆ ಅಕ್ಕಾ, ಎಂದಳು.

ಗುಂಡಕ್ಕ ಅರ್ಧ ಕರಗಿದಳು. ಉಳಿದರ್ಧ ಕರಗಲಿಲ್ಲ.

"ಮಾಲೀಕರಿಗೆ ಹೇಳ್ದ್ಯಾ?"

"ಆಪರೇಷನ್ ವಿಷಯ ಎತ್ಲಿಲ್ಲ. ಆಣೆ."

"ಮತ್ತೇನು ಎತ್ತಿದೆ?"

ಗುಂಗುರಿ ಒಂದು ರೋಲಿನ ತುದಿಯ ದಾರ ಎಳೆಯತೊಡಗಿದಳು. "ಕರೆದು ಕೇಳಿದ್ರು. ಅವಳಿಗೆ ರೋಲು ಎತ್ತೋಕಾಗುತ್ತಾ, ಮೇಲ್ವಿಚಾರಕಿ ಅಂದ್ರೆ ಲಾರಿ ಬಂದಾಗ ಮೊದಲು ಕೈ ಹಾಕ್ಬೇಕು ಅಂತ. ಆಗಲ್ಲ ಅಂದೆ. ಆಗಲ್ಲ ತಾನೇ ಅಕ್ಕಾ? ಸುಳ್ಳು ಹೇಳೋಕಾಗುತ್ತಾ?"

"ಈಗ ಆಗಲ್ಲ. ಮುಂದಿನ ತಿಂಗಳಿಂದ ಎತ್ತಬಹುದು ಅಂದಿದ್ದಾರೆ ಡಾಕ್ಟ್ರು. ನಿಮ್ಮ ಮಾವ ಎತ್ತಲ್ವಾ ಈಗ?"

"ಎತ್ತುತ್ತಾರೆ."

"ಅಂದ್ರೆ ನಿಂಗೆ ಗೊತ್ತಿತ್ತು. ಅದನ್ನ ಹೇಳ್ದ್ಯಾ?"

ದಾರ ಬೆರಳಿಗೆ ಸುತ್ತಿಕೊಂಡಿತು. ಗುಂಗುರಿ ಅದನ್ನು ಬಿಡಿಸಿಕೊಳ್ಳುತ್ತ, "ಅದನ್ನ ಅವ್ರು ಕೇಳ್ಲಿಲ್ಲ" ಎಂದಳು.

ಇಷ್ಟು ದಿನ ಗುಂಡಕ್ಕ ಯಾರೋ ದೊಡ್ಡ ಪಿತೂರಿ ಮಾಡಿದ್ದಾರೆಂದು ಮುಖಮುಖ ಅಳೆಯುತ್ತ ತಿರುಗಿದ್ದಳು. ಸಿಕ್ಕಿದ್ದು ಇಷ್ಟೇ ಇಷ್ಟು. ಸುಳ್ಳೂ ಅಲ್ಲ, ಚಾಡಿಯೂ ಅಲ್ಲ. ಆಡಬಹುದಾಗಿದ್ದ ಒಂದು ಮಾತು ನಾಲಿಗೆಯ ಮೇಲೇ ಉಳಿದುಕೊಂಡದ್ದು. ಅದಕ್ಕೆ ಬೈಯಲೂ ಬರುವುದಿಲ್ಲ. ಆದರೆ ಆ ಮಾತನ್ನು ಆಡಲು ಇನ್ನೊಬ್ಬಳಿಗೆ ಬಿಟ್ಟುಕೊಟ್ಟವಳು ತಾನೇ ಅಲ್ಲವೇ? ಬಾಯಿ ಮುಚ್ಚಿಕೊಂಡು ಓಡಾಡಿದವಳ ಪರವಾಗಿ ಯಾರೋ ಬಾಯಿ ತೆರೆದರು, ಬೇಕಾದಷ್ಟೇ ತೆರೆದರು.

ಅವಳು ಹೊರಗೆ ಬಂದಳು. ಬಸಿಯಲ್ಲಿದ್ದದ್ದು ಮೇಜಿನ ಮೇಲೇ ಇತ್ತು. ಮುಟ್ಟಿದವರಿಲ್ಲ, ನೋಡದವರಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದರೂ ಅವಳು ಮಾಲೀಕರ ಎದುರಿಗೇ ಹೋಗಿ ನಿಂತಳು.

"ನಾನು ಕೇಕು ತಿನ್ನಲ್ಲ ಸಾರ್. ಅಸೂಯೆಗಲ್ಲ. ತೂಕ ಇಳಿಸೋಕೆ ಹೊಟ್ಟೆ ಆಪರೇಷನ್ ಮಾಡಿಸ್ಕೊಂಡಿದ್ದೀನಿ, ಸಿಹಿ ತಡೆಯಲ್ಲ. ಕಲ್ಲು ಅಂದಿದ್ದು ಸುಳ್ಳು. ಮುಂದಿನ ತಿಂಗಳಿಂದ ರೋಲು ಎತ್ತಬಹುದಂತೆ, ಡಾಕ್ಟ್ರ ಹತ್ರ ನೀವೇ ಮಾತಾಡಿ."

ಚಮಚಗಳು ನಿಂತವು. ಮಾಲೀಕರು ಅವಳನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಗುಂಗುರಿಯನ್ನು ನೋಡಿದರು, ಕೊನೆಗೆ ತಮ್ಮ ತಟ್ಟೆಯನ್ನು ನೋಡಿಕೊಂಡರು. ಮೊದಲೇ ಹೇಳಬಾರದಿತ್ತೇ ಎಂದು ಗೊಣಗಿದರು. ಅಜ್ಜ ಮಾತ್ರ, ನಾವೆಲ್ಲ ಗಂಡ ಊಟ ಹಾಕ್ತಿಲ್ಲ ಅಂದ್ಕೊಂಡಿದ್ವಲ್ಲಮ್ಮ ಎಂದ. ನಗು ಹರಡಿತು. ಇಸ್ತ್ರಿಯವಳು ಗುಂಡಕ್ಕನ ಪಾಲನ್ನು ನಾಚಿಕೆಯಿಲ್ಲದೆ ಕೇಳಿ ಪಡೆದಳು.

ಮೇಲ್ವಿಚಾರಕಿಯ ಜಾಗದ ಮಾತನ್ನು ಯಾರೂ ಎತ್ತಲಿಲ್ಲ. ಅದು ಹಿಂದಿರುಗಿ ಬರುತ್ತದೆ ಎಂದು ಗುಂಡಕ್ಕನೂ ಎಣಿಸಿರಲಿಲ್ಲ. ಮಧ್ಯಾಹ್ನದ ಕೆಲಸ ಶುರುವಾಗುವಾಗ ಗುಂಗುರಿ ಪಕ್ಕಕ್ಕೆ ಬಂದು, ನನ್ನ ಮೇಲಿನ ಸಿಟ್ಟಿಗೆ ಎಲ್ಲರೆದುರು ಹೇಳಿಬಿಟ್ಟೆಯಾ ಎಂದು ಪಿಸುಗುಟ್ಟಿದಳು.

ಗುಂಡಕ್ಕ ಬಟ್ಟೆಯ ಅಂಚನ್ನು ಮೇಜಿನ ಗೆರೆಗೆ ಸರಿಹೊಂದಿಸಿದಳು.

"ಸಿಟ್ಟಿಲ್ಲ ಕಣೇ. ಇನ್ಮೇಲೆ ನನ್ನ ವಿಷಯ ಯಾರಾದ್ರೂ ಕೇಳಿದ್ರೆ, ಅವಳನ್ನೇ ಕೇಳಿ ಅನ್ನು."