ತುಟಿಗೆ ಹೊಂದಿದ ಮಾತು

ಉಬಾಲ್ದೊ ಗ್ರಮೊಲಾತಿ ಮಾಡಿದ ಹದಿಮೂರು ಸಿನಿಮಾಗಳಲ್ಲಿ ಹನ್ನೊಂದಕ್ಕೆ ಅವನ ಹೆಂಡತಿ ಝೈರಾಳೇ ನಾಯಕಿ. ಆ ಹನ್ನೊಂದರಲ್ಲಿ ಒಂದರಲ್ಲೂ ಅವಳ ದನಿ ಇಲ್ಲ. ರೋಮಿನಲ್ಲಿ ಇದೇನೂ ಅತಿಶಯವಲ್ಲ. ಶೂಟಿಂಗ್ ನಡೆಯುವಾಗ ಮಾತು ಹಿಡಿಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಒಂದು ಕಡೆ ಬಡಗಿ ಮೊಳೆ ಹೊಡೆಯುತ್ತಿರುತ್ತಾನೆ, ಇನ್ನೊಂದು ಕಡೆ ನಿರ್ದೇಶಕ ಅರಚುತ್ತಿರುತ್ತಾನೆ. ನಟರು ಒಂದು, ಎರಡು, ಮೂರು ಎಂದು ಎಣಿಸುತ್ತಲೇ ಪ್ರೀತಿ ಮಾಡುತ್ತಾರೆ, ಮೂವತ್ತರ ಹೊತ್ತಿಗೆ ಪ್ರಾಣ ಬಿಡುತ್ತಾರೆ. ಮಾತನ್ನು ಆಮೇಲೆ ಕತ್ತಲೆ ಕೋಣೆಯಲ್ಲಿ ನಿಂತು ಬೇರೆಯವರು ಆಡುತ್ತಾರೆ. ಝೈರಾಳ ಪಾಲಿನ ಮಾತೆಲ್ಲ ಫುಲ್ವಿಯಾ ಎಂಬ ಹೆಂಗಸಿನದು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ.

ಝೈರಾ ಕೊಮಾಕ್ಕಿಯೊ ಎಂಬ ಊರಿನವಳು. ಹಾವುಮೀನನ್ನು ಸರಳಿಗೆ ಚುಚ್ಚಿ ಸುಡುವ ಕಾರ್ಖಾನೆಯಲ್ಲಿ, ಆಳೆತ್ತರದ ಒಲೆಗಳ ಮುಂದೆ ಹತ್ತು ವರ್ಷ ಹೊಗೆ ಕುಡಿದ ಗಂಟಲು ಅವಳದು. ಉಬಾಲ್ದೊ ಅಲ್ಲೇ ಅವಳನ್ನು ನೋಡಿದ್ದು, ಅಲ್ಲಿಂದಲೇ ಮದುವೆಯಾಗಿ ಕರೆತಂದದ್ದು. "ಮುಖ ದೇವಮಾತೇದು, ದನಿ ದೋಣಿಯವನದು" ಎಂದು ನೆಂಟರಿಷ್ಟರ ಮುಂದೆ ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಉಣ್ಣುವ ಮನೆಯಲ್ಲಿ ನಗದೆ ಏನು ಮಾಡುವುದು?

ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಅವರು ಸಿಸಿಲಿಯಲ್ಲಿ ಶೂಟಿಂಗ್ ಮಾಡುತ್ತಿದ್ದರು. ಆರು ವರ್ಷದ ಮಗ ತುಲ್ಲಿಯೊ ಅಜ್ಜಿಯ ಜೊತೆ ಊರಿನಲ್ಲಿದ್ದ. ಮಗುವಿಗೆ ಮೆದುಳು ಜ್ವರ, ತಾಯಿಯನ್ನು ಕೇಳುತ್ತಿದೆ, ಕೂಡಲೇ ಹೊರಡಿ ಎಂದು ತಂತಿ ಬಂತು. ಬಂದದ್ದು ಉಬಾಲ್ದೊನ ಕೈಗೆ. ಅವತ್ತು ಮದುವೆ ಮನೆಯ ದೃಶ್ಯ, ಇನ್ನೂರು ಜನ ಬಣ್ಣ ಹಚ್ಚಿಕೊಂಡು ಕೂತಿದ್ದರು, ಝೈರಾ ಮದುಮಗಳಾಗಿ ನಗಬೇಕಿತ್ತು. ಅವನು ತಂತಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಅವಳು ಎರಡು ದಿನ ನಕ್ಕಳು. ಮೂರನೆಯ ದಿನ ಜೇಬಿನಿಂದ ತೆಗೆದುಕೊಟ್ಟ. ಊರು ಮುಟ್ಟುವ ಹೊತ್ತಿಗೆ ಮಗುವನ್ನು ಮಣ್ಣು ಮಾಡಿಯಾಗಿತ್ತು. ಪತ್ರಿಕೆಯವರು ಆ ನಗುವನ್ನು ವರ್ಷದ ಅತ್ಯಂತ ಚೆಲುವಾದ ನಗು ಎಂದು ಬರೆದರು. ಅವರಿಗೇನು ಗೊತ್ತು, ಸುಡುಗಾಡು.

ಅರವತ್ತಮೂರರ ಹೊತ್ತಿಗೆ ಉಬಾಲ್ದೊ ಏಳು ವರ್ಷದಿಂದ ಕೆಲಸವಿಲ್ಲದೆ ಕೂತಿದ್ದ. ಕೊನೆಗೆ ತನ್ನ ಬದುಕನ್ನೇ ಸಿನಿಮಾ ಮಾಡುತ್ತೇನೆಂದು ಹೊರಟ. ನಿರ್ಮಾಪಕ ಒಂದೇ ಮಾತು ಹೇಳಿದ: ಝೈರಾ ಇದ್ದರೆ ಸಿನಿಮಾ, ಇಲ್ಲದಿದ್ದರೆ ಇಲ್ಲ.

ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಹೆಂಡತಿಯ ಎದುರು ಬಂದು ಕೂತ. "ನೀನು ಒಪ್ಪಲಿಲ್ಲ ಅಂದ್ರೆ ನನ್ನ ಕಥೆ ಮುಗೀತು ಕಣೇ."

ಅವನು ಬರೆದದ್ದನ್ನು ಅವಳು ಓದಿದ್ದಳು. ಅದರಲ್ಲಿ ತಂತಿ ತಡವಾದದ್ದು ಬಿರುಗಾಳಿಗೆ ಕಂಬ ಬಿದ್ದು. ಕೊನೆಯಲ್ಲಿ ನಿರ್ದೇಶಕ ಸಾಯುವಾಗ ಹೆಂಡತಿ ಹಾಸಿಗೆಯ ಪಕ್ಕ ಮೊಣಕಾಲೂರಿ ಎಲ್ಲವನ್ನೂ ಕ್ಷಮಿಸುತ್ತಾಳೆ. ಏನು ಕ್ಷಮಿಸಿದಳೆಂದು ಕೇಳಬಾರದು, ತಪ್ಪೆಲ್ಲ ಕಂಬದ್ದೇ ತಾನೆ?

"ನನ್ನ ದನೀನೇ ಇರ್ಬೇಕು" ಎಂದಳು ಝೈರಾ. "ಕೊನೇ ಸೀನಲ್ಲಿ ನಾನೇನು ಹೇಳ್ತೀನೋ ಅದು ನನ್ನಿಷ್ಟ."

"ಆಯ್ತು ಮಾರಾಯ್ತಿ."

"ಆಣೆ ಮಾಡು. ತುಲ್ಲಿಯೊ ಮೇಲೆ."

ಅವನು ಬಲಗೈ ಎತ್ತಿ ಆಣೆ ಮಾಡಿದ. ಸತ್ತ ಮಗುವಿನ ಮೇಲೆ ಆಣೆಯಿಡುವುದಕ್ಕೆ ಭಯವೇನು, ಅದಕ್ಕೆ ಇನ್ನೇನಾಗಬೇಕು? ಆದರೆ ಅವಳು ನಂಬಿದಳು. ಹನ್ನೆರಡು ವರ್ಷ ಗಂಟಲಲ್ಲಿ ಸಿಕ್ಕಿಕೊಂಡ ಮಾತು ಒಂದೇ ಒಂದು ಸಲ ಹೊರಗೆ ಬರಬೇಕಿತ್ತು, ಊರಿಗೆಲ್ಲ ಕೇಳಬೇಕಿತ್ತು. ಅಷ್ಟು ಬಿಟ್ಟು ಅವಳಿಗೆ ಬೇರೆ ಆಸೆ ಉಳಿದಿರಲಿಲ್ಲ.

ಕೊನೆಯ ದೃಶ್ಯದ ದಿನ ಪಕ್ಕದ ಅಂಗಳದಲ್ಲಿ ಇನ್ಯಾರದೋ ಸಿನಿಮಾದ ಕುದುರೆಗಳು ಓಡುತ್ತಿದ್ದವು. "ಈಗ ಸುಮ್ನೆ ಎಣಿಸು" ಎಂದ ಉಬಾಲ್ದೊ. "ಮಾತು ಡಬ್ಬಿಂಗಲ್ಲಿ ನೀನೇ ಹೇಳುವಿಯಂತೆ."

ಕ್ಯಾಮೆರಾ ಮೊಳದಷ್ಟು ಹತ್ತಿರ ಬಂದು ನಿಂತಿತು. ಝೈರಾ ಎಣಿಸಲಿಲ್ಲ. ಮಂಚದ ಮೇಲೆ ಮಲಗಿದ್ದ ನಟನ ಕೈ ಹಿಡಿದುಕೊಂಡು, ಕ್ಯಾಮೆರಾದ ಹಿಂದಿದ್ದವನನ್ನು ನೋಡುತ್ತಾ ಹೇಳಿದಳು. "ತಂತಿ ನಿನ್ನ ಜೇಬಲ್ಲಿತ್ತು. ಮಗು ನನ್ನ ಹೆಸರು ಹಿಡಿದು ಕೂಗ್ತಿತ್ತು, ನೀನು ನನ್ನ ನಗಿಸ್ತಿದ್ದೆ. ನೀನು ಕೊಲೆಗಾರ. ನಾನು ಕ್ಷಮಿಸಿಲ್ಲ, ಸತ್ತರೂ ಕ್ಷಮಿಸಲ್ಲ."

ಉಬಾಲ್ದೊ ಅಳುತ್ತಿದ್ದ. ಎಲ್ಲರೂ ನೋಡುವ ಹಾಗೆ ಬಂದು ಅವಳ ಕೈಗೆ ಮುತ್ತಿಟ್ಟ. "ಸಾಕು. ಇದಕ್ಕಿಂತ ಚೆನ್ನಾಗಿ ಯಾರಿಂದಲೂ ಆಗಲ್ಲ" ಎಂದ. ಅವನಿಗೆ ಕಡೆಗೂ ತಗುಲಿತು ಎಂದುಕೊಂಡಳು ಝೈರಾ. ಸಿನಿಮಾದವನ ಕಣ್ಣೀರು ನಂಬಿದವಳಿಗೆ ಏನು ಹೇಳೋಣ! ಅವತ್ತು ಮನೆಗೆ ಬಂದು ಹೊಟ್ಟೆ ತುಂಬ ಉಂಡಳು.

ಗುರುವಾರ ಡಬ್ಬಿಂಗ್ ಎಂದಿದ್ದ. ವಾರವೆಲ್ಲ ಜೇನು ನೆಕ್ಕಿ ಗಂಟಲು ಸರಿಮಾಡಿಕೊಂಡು ಝೈರಾ ಹೋದರೆ, ಬಾಗಿಲಲ್ಲಿ ಫುಲ್ವಿಯಾ ಶಾಲು ಹೊದ್ದು ಹೊರಗೆ ಬರುತ್ತಿದ್ದಳು. ಝೈರಾಳನ್ನು ನೋಡಿ ಬಣ್ಣಗೆಟ್ಟಳು.

"ಅಕ್ಕಾ, ನಿಮ್ಗೆ ಗಂಟಲು ಆಪರೇಷನ್ ಆಗಿದೆ ಅಂದ್ರಲ್ಲ ಉಬಾಲ್ದೊ ಮೇಷ್ಟ್ರು!"

ಝೈರಾ ಅವಳನ್ನು ದಾಟಿ ಒಳಗೆ ಹೋದಳು. ಉಬಾಲ್ದೊ ಅಡಗಿಸಲಿಲ್ಲ, ನಾಚಲೂ ಇಲ್ಲ. ಕುರ್ಚಿ ಎಳೆದು ಕೂರಿಸಿ ಕೊನೆಯ ದೃಶ್ಯವನ್ನು ಹಾಕಿಸಿದ. ಪರದೆಯ ಮೇಲೆ ಅವಳ ಮುಖ, ಒಂದು ಮಾರು ಅಗಲ. ಅವಳ ತುಟಿ ಕೊಲೆಗಾರ ಅನ್ನುತ್ತಿತ್ತು, ಬಂದ ಮಾತು ಬೇರೆ. "ಎಲ್ಲ ಮರೆತೆ ನನ್ನ ದೊರೆ. ಮಗು ನಿನ್ನ ಕಣ್ಣಲ್ಲೇ ಇದೆ. ನಿನ್ನನ್ನ ಕ್ಷಮಿಸದೆ ಯಾರನ್ನ ಕ್ಷಮಿಸಲಿ?" ತುಟಿ ತೆರೆದಲ್ಲಿ ಮಾತು ತೆರೆಯಿತು, ತುಟಿ ಮುಚ್ಚಿದಲ್ಲಿ ಮುಚ್ಚಿತು. ಒಂದು ಕೂದಲೆಳೆ ಆಚೀಚೆ ಇಲ್ಲ.

"ಮೂರು ದಿನ ಕೂತೆ" ಎಂದ ಉಬಾಲ್ದೊ. "ನೀನಾಡಿದ ಒಂದೊಂದು ಮಾತನ್ನೂ ತುಟಿ ನೋಡಿ ನೋಡಿ ಬರ್ಕೊಂಡೆ, ಆಮೇಲೆ ಅದಕ್ಕೆ ಹೊಂದೋ ಮಾತು ಹುಡುಕಿದೆ."

"ಅಂದ್ರೆ ಪ್ರತಿಯೊಂದೂ ಗೊತ್ತಾಯ್ತು ನಿಂಗೆ."

"ಬಾಯಿಪಾಠ ಆಗಿದೆ."

"ಮುಖದಲ್ಲಿ ಸಿಟ್ಟಿದ್ಯಲ್ಲೋ, ಅದಕ್ಕೇನು ಮಾಡ್ದೆ?"

"ಅದಕ್ಕೆ ಪಿಟೀಲು ಹಾಕಿಸಿದೀನಿ. ದುಃಖದ ಹಾಗೆ ಕಾಣುತ್ತೆ" ಎಂದು, ಅಲ್ಲಿದ್ದ ತಂತ್ರಜ್ಞನ ಕಡೆ ತಿರುಗಿ, ಪಿಟೀಲು ಇನ್ನೊಂದು ಚೂರು ಏರಿಸಲು ಹೇಳಿದ.

ಆಣೆಯ ಮಾತನ್ನು ಅವಳು ಎತ್ತಲಿಲ್ಲ. ಎತ್ತಿ ಏನುಪಯೋಗ?

ಸಿನಿಮಾ ಗೆದ್ದಿತು. ಊರೂರಲ್ಲಿ ಹೆಂಗಸರು ಕರವಸ್ತ್ರ ಒದ್ದೆ ಮಾಡಿಕೊಂಡರು. ಏಳು ವರ್ಷ ಕಣ್ಣೆತ್ತಿ ನೋಡದವರು ಉಬಾಲ್ದೊನನ್ನು ಹೊತ್ತು ಮೆರೆಸಿದರು. ಕೊಮಾಕ್ಕಿಯೊದವರೂ ಒಂದು ಪ್ರದರ್ಶನವಿಟ್ಟು ಗಂಡಹೆಂಡಿರನ್ನು ಕರೆದರು. ಎಲ್ಲಿಗೂ ಹೋಗದಿದ್ದ ಝೈರಾ ಅಲ್ಲಿಗೆ ಮಾತ್ರ ಹೊರಟಳು. ಅವಳ ಸ್ವಂತ ದನಿ ಗೊತ್ತಿದ್ದ ಜನ ಲೋಕದಲ್ಲಿ ಅವರಷ್ಟೇ. ಅವರಿಗೆ ಹೇಳಿದರೆ ಸಾಕಿತ್ತು.

ಸಿನಿಮಾ ಮುಗಿದು ದೀಪ ಹತ್ತಿತು. ಅವಳ ಪಕ್ಕದ ಒಲೆಯ ಮುಂದೆ ಹತ್ತು ವರ್ಷ ಬೆವರು ಸುರಿಸಿದ್ದ ದಿರ್ಚೆ ಓಡಿ ಬಂದು ತಬ್ಬಿಕೊಂಡಳು. "ಎಷ್ಟು ಚೆನ್ನಾಗಿ ಕ್ಷಮಿಸಿದೆ ಕಣೇ! ನಾನಾಗಿದ್ರೆ ಆಗ್ತಿರ್ಲಿಲ್ಲ."

"ಅದು ನನ್ನ ಮಾತಲ್ಲ ದಿರ್ಚೆ. ನಾನು ಕ್ಷಮಿಸಿಲ್ಲ. ತಂತಿ ಅವನ ಜೇಬಲ್ಲಿತ್ತು."

"ಕಂಬ ಬಿದ್ದಿತ್ತಲ್ಲೇ?"

"ಯಾವ ಕಂಬವೂ ಬಿದ್ದಿರಲಿಲ್ಲ!"

ದಿರ್ಚೆ ಒಂದು ಹೆಜ್ಜೆ ಹಿಂದೆ ಸರಿದಳು. "ನಮ್ಮ ಕಣ್ಣಾರೆ ನೋಡಿದ್ವಿ, ಕಿವಿಯಾರೆ ಕೇಳಿದ್ವಿ. ಅಲ್ವೇ, ಆ ಸಿನಿಮಾದ ದನಿ ಬಿಟ್ಟು ನಮ್ಮ ಹತ್ರ ಯಾಕೆ ಈ ಹಳೇ ಗೊಗ್ಗರು ದನೀಲಿ ಮಾತಾಡ್ತೀಯ? ಹಾವುಮೀನಿನೋರಿಗೆ ಇಷ್ಟು ಸಾಕು ಅಂತಾನಾ? ಚೆಂದದ ದನೀಲಿ ಒಂದ್ಸಲ ಹೇಳು, ಕ್ಷಮಿಸಿದೆ ಅಂತ. ನಮ್ಮ ಕಡೆ ಹುಡುಗೀರೂ ಕೇಳ್ಲಿ."

ಹೆಂಗಸರು ಸುತ್ತ ಸೇರಿದರು. "ಹೇಳೇ ಝೈರಾ, ಹೇಳೇ!"

ಝೈರಾ ಹೇಳಿದಳು. ಇದ್ದಷ್ಟು ಉಸಿರು ಹಾಕಿ, ಗಂಟಲು ಹರಿಯುವಂತೆ ಕೂಗಿ ಹೇಳಿದಳು. ಕೊಲೆಗಾರ ಎಂಬ ಮಾತು ಗೋಡೆಗೆ ತಾಗಿ ಬಂತು. ಮಕ್ಕಳು ಹೆದರಿ ತಾಯಂದಿರ ಲಂಗ ಹಿಡಿದುಕೊಂಡರು.

ಉಬಾಲ್ದೊ ಜನರ ನಡುವೆ ದಾರಿ ಮಾಡಿಕೊಂಡು ಬಂದು, ತನ್ನ ಕೋಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ. ಅವನ ಕಣ್ಣು ತುಂಬಿತ್ತು. "ಮಗು ಹೋದಾಗಿಂದ ಹೀಗೇ ಇವಳು" ಎಂದ, ಮೆಲ್ಲಗೆ.

ಹೆಂಗಸರೆಲ್ಲ ತಲೆ ತಗ್ಗಿಸಿದರು. ದಿರ್ಚೆ ಮುಂದೆ ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಪಾಪ, ಇಷ್ಟು ವರ್ಷ ಹೇಗೆ ಸಹಿಸಿಕೊಂಡ್ರೋ ಮೇಷ್ಟ್ರೇ" ಎಂದಳು.