ಎರಕದ ಮಾಯಪ್ಪನ ನಕಾಶೆ

ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟು ಏಳಬೇಕೆನ್ನುವಷ್ಟರಲ್ಲಿ ಮಾಯಪ್ಪನ ಹೆಂಡತಿ ಸತ್ಯವ್ವ ಬಿದಿರನ್ನು ಹಿಡಿದು ಕೆಳಗೊತ್ತಿದಳು.

"ಇಳಸ್ರಿ. ಕಾರಖಾನಿ ಮಂದಿ ಬರ್ಲಿ."

"ಬೆಳಗಾವಿಯಿಂದ ನಮ್ಮ ಬೀಡಿ ಊರಿಗೆ ಎಷ್ಟೊತ್ತಿನ ಹಾದಿ, ವೈನಿ?" ಮೈದುನ ಬಾಳಪ್ಪನಿಗೆ ಸಿಟ್ಟು ಬಂದಿತ್ತು. "ಮೂವತ್ತು ವರ್ಷ ಅಣ್ಣ ಅವರ ಭಟ್ಟಿ ಮುಂದ ಬೆಂದಾನ. ಒಬ್ಬರರೆ ಬಂದಾರೇನು?"

"ನಿನ್ನೆ ಹೊಯ್ದ ಎರಕ ಇವತ್ತ ಅಚ್ಚು ಒಡದು ನೋಡ್ತಾರ. ನೋಡೇ ಬರ್ರಿ ಅಂತ ನಾನ ಫೋನ್ ಮಾಡಿಸೀನಿ."

*

ಬೆಳಗಾವಿಯ ಅನಗೋಳದ ಹತ್ತಿರದ ಎರಕದ ಕಾರ್ಖಾನೆಯಲ್ಲಿ ಮಾಯಪ್ಪ ಅಚ್ಚಿನ ಮೇಸ್ತ್ರಿ. ದೊಡ್ಡ ಪಂಪಿನ ಕವಚ ಅವನ ಕೈಯಲ್ಲಿ ಮಾತ್ರ ತೂತಿಲ್ಲದೆ ಬರುತ್ತಿತ್ತು. ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಅವನ ಎದೆ ಕೆಟ್ಟಿದೆಯೆಂದು ಗೊತ್ತಾದಾಗ, ಎಂಜಿನಿಯರ್ ಅನುರಾಧಾ ಹಾಳೆ ಹಿಡಿದು ಪಕ್ಕದಲ್ಲಿ ಕುಳಿತಳು.

"ಅಚ್ಚಿನ ಉಸುಕು ಹದಕ್ಕ ಬಂದೈತಿ ಅಂತ ಹೆಂಗ ತಿಳೀತದರೀ?"

"ಬಾಯಿಲೆ ಹೇಳಾಕ ಬರೂದಿಲ್ರೀ ಬಾಯಾರ. ಕೈಗೆ ಗೊತ್ತಾಕ್ಕೈತಿ."

"ಕೈಗೆ ಏನ್ ಗೊತ್ತಾಕ್ಕೈತಿ?"

ಅವನು ಉಸುಕನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆಯನ್ನು ಮುರಿದ. ಅಂಚು ಉದುರಲಿಲ್ಲ. ಅವಳು 'ಉಸುಕು' ಎಂದು ಬರೆದು ಸುತ್ತ ವೃತ್ತ ಎಳೆದಳು. 'ಮುರಿದ ಅಂಚು' ಎಂದು ಇನ್ನೊಂದು. ನಡುವಿನ ಬಾಣದ ಮೇಲೆ 'ಉದುರದಿದ್ದರೆ ಹದ'. ಮೂರು ತಿಂಗಳಲ್ಲಿ ಅಂಥ ವೃತ್ತಗಳು ಹಾಳೆಗೆ ಹಾಳೆ ಅಂಟಿ, ಗೋಡೆ ತುಂಬುವ ನಕಾಶೆಯಾದವು. ಓದು ಬಾರದ ಮಾಯಪ್ಪ ಒಂದೊಂದನ್ನೂ ಅವಳಿಂದ ಓದಿಸಿ ತಿದ್ದಿಸಿದ.

ಆದರೂ ಅವನು ಹಾಸಿಗೆ ಹಿಡಿದ ಮೇಲೆ ಹೊಯ್ದ ಎರಡು ಕವಚಗಳೂ ತೂತುಬಿದ್ದವು. ಮೂರನೆಯದೂ ಕೆಟ್ಟರೆ ಆರ್ಡರು ಹೋಗುತ್ತಿತ್ತು, ನಲವತ್ತು ಜನರ ಕೆಲಸವೂ. ಅನುರಾಧಾ ನಕಾಶೆಯನ್ನು ಸುರುಳಿ ಸುತ್ತಿಕೊಂಡು ಅವನ ಊರು ಬೀಡಿಗೇ ಬಂದು ಓದಿ ಹೇಳಿದಳು. ಕಣ್ಣುಮುಚ್ಚಿ ಕೇಳುತ್ತಿದ್ದ ಮಾಯಪ್ಪ ತಟ್ಟನೆ ಕೈಯೆತ್ತಿದ.

"ಮಳಿಗಾಲದಾಗ ಅಚ್ಚು ಮುಚ್ಚೂಕಿಂತ ಮದ್ಲ ಅದರ ಹತ್ತರ ಗಲ್ಲ ಹಿಡೀತೀನ್ರೀ. ತಂಪು ಹತ್ತಿದ್ರ ಮತ್ತ ಒಣಗಸ್ತೀನಿ. ಇದನ್ನ ಹೇಳೇ ಇಲ್ಲಲಾ!" ಅವನು ಕೆಮ್ಮುತ್ತಲೇ ನಕ್ಕ. "ನನಗ ಗೊತ್ತೈತಿ ಅಂತ ನನಗ ಗೊತ್ತಿದ್ದಿಲ್ಲ."

*

ಚಟ್ಟ ಇಳಿಸಿದ್ದ ಅಂಗಳದ ಮುಂದೆ ಟೆಂಪೋ ನಿಂತಿತು. ಅನುರಾಧಾಳ ಹಿಂದೆ ಎಂಟು ಜನ ಮಸಿಮುಖದಲ್ಲೇ ಧುಮುಕಿದರು. ಮಾಯಪ್ಪನ ಕೈಕೆಳಗೆ ಕಲಿತ ಮುತ್ತಪ್ಪ ಓಡಿಬಂದ.

"ಮೂರನೇ ಕವಚ ಬಂತು ಸತ್ಯಕ್ಕಾ! ಒಂದೂ ತೂತಿಲ್ಲ! ಬಡದ್ರ ಗಂಟಿ ಬಡದಂಗ ಸಪ್ಪಳ ಬರತೈತಿ!"

ಸಾವಿನ ಮನೆಯ ಅಂಗಳವೆಂಬುದನ್ನು ಮರೆತು ಯಾರೋ ಚಪ್ಪಾಳೆ ತಟ್ಟಿದರು. ಬಾಳಪ್ಪ ಕಣ್ಣೊರೆಸಿಕೊಂಡು, ಚಟ್ಟಕ್ಕೆ ಹೆಗಲು ಕೊಡಲು ತಾನು ನಿಂತಿದ್ದ ಜಾಗವನ್ನು ಮುತ್ತಪ್ಪನಿಗೆ ಬಿಟ್ಟುಕೊಟ್ಟ.

"ಕೈಯರೆ ತೊಳಕೋರಿ" ಎಂದರು ಹಿರಿಯರೊಬ್ಬರು.

"ಬ್ಯಾಡ," ಎಂದಳು ಸತ್ಯವ್ವ. ಅವಳ ಕತ್ತು ನೆಟ್ಟಗಿತ್ತು. "ಹಂಗ ಎತ್ರಿ."

ಹಲಗೆ ಜೋರಾಗಿ ಮೊಳಗತೊಡಗಿತು. ಚಟ್ಟ ಮೇಲೆದ್ದಾಗ ಹೊಸ ಬಿಳಿ ಬಟ್ಟೆಯ ಅಂಚಿನುದ್ದಕ್ಕೂ ಕರಿ ಅಂಗೈಗಳು ಮೂಡಿದ್ದವು.