ಜೊಂಡಿನೊಳಗಿನ ಗಟವಾಣಿ

ಗಾದಿಲಿಂಗಪ್ಪ ನಡೆಯುವಾಗ ಮೂಗಿಗಿಂತ ಮೊದಲು ಎಡಗಿವಿ ಮುಂದೆ ಹೋಗುತ್ತದೆ. ದೇಶನೂರಿನ ಉಪಕಾಲುವೆಗೆ ಮೂವತ್ತು ವರ್ಷದಿಂದ ನೀರುಗಂಟಿಯಾಗಿ, ಯಾರ ಗದ್ದೆಗೆ ಎಷ್ಟು ನೀರು ಹೊರಳಿತೆಂಬುದನ್ನು ಸದ್ದಿನಿಂದಲೇ ಅಳೆದು ಅಳೆದು ಅವನ ಕತ್ತು ಹಾಗೆ ವಾಲಿಬಿಟ್ಟಿದೆ. ಮೈಮೇಲೆ ಸದಾ ಖಾಕಿ ಕೋಟು. ಸಿರುಗುಪ್ಪದ ಬಿಸಿಲಲ್ಲಿ ಕೋಟು ತೊಡುವವರು ವಕೀಲರು ಮತ್ತು ಗಾದಿಲಿಂಗಪ್ಪ. ವಕೀಲರಾದರೂ ಊಟಕ್ಕೆ ಕೂತಾಗ ಬಿಚ್ಚುತ್ತಾರೆ. ನೀರುಗಂಟಿಗೆ ನಂಟು ನೀರಿನೊಡನೆ, ಗಂಟು ಬುತ್ತಿಯೊಡನೆ.

ಸೀಗಿ ಹುಣ್ಣಿಮೆಯ ಹೊತ್ತಿಗೆ ತೂಬಿನ ಬಳಿಯ ಜೊಂಡಿಗೆ ಕಂದು ಹಕ್ಕಿಯೊಂದು ಬರುತ್ತದೆ. ರೂಪವಿಲ್ಲ, ಬರೀ ಬಾಯಿ. ಚಳಿಗಾಲವೆಲ್ಲ 'ಚಕ್ ಚಕ್' ಎಂದು ಗೊಣಗಿ, ಯುಗಾದಿಯ ಆಸುಪಾಸಿನಲ್ಲಿ, ಹೊರಡುವ ಮುನ್ನ, ಕಾಲುವೆಯನ್ನೇ ಎತ್ತಿ ಎಸೆಯುವಂತೆ 'ಕರ್ರ ಕರ್ರ ಕೀಟ್' ಎಂದು ಹಾಡುತ್ತದೆ. ಬುತ್ತಿ ತರುತ್ತಿದ್ದ ಹೆಂಡತಿ ಉಚ್ಚೆಂಗೆಮ್ಮ ಅದಕ್ಕೆ ಗಟವಾಣಿ ಎಂದು ಹೆಸರಿಟ್ಟಿದ್ದಳು. "ನನ್ ಸವತೀನ ನೋಡು, ನಾ ಬರೂದ ತಡ, ಜಗಳಕ್ಕ ನಿಂತಾಳ!" ಆಕೆ ತೀರಿಕೊಂಡು ಮೂರು ವರ್ಷ. ಬೈಯುವ ಬಾಯಿ ಈಗ ಅದೊಂದೇ ಉಳಿದಿದೆಯೆಂದು ಆತ ಬುತ್ತಿ ಬಿಚ್ಚುವುದು ಆ ಜೊಂಡಿನೆದುರಿಗೇ.

ಹಾಡಿನ ಕಾಲವೇ ಜೊಂಡು ಕೊಯ್ಯುವ ಕಾಲವೂ ಹೌದು. ಕೊಯ್ಯದಿದ್ದರೆ ಕಾಲುವೆಯ ಕೊನೆಯ ಗದ್ದೆಗಳಿಗೆ ನೀರು ಹತ್ತದು. ಕೊಯ್ಯುವುದು ನೀರುಗಂಟಿಯದೇ ಕೆಲಸ. ಗಾದಿಲಿಂಗಪ್ಪ ತೂಬಿನ ಬಳಿಯದನ್ನು ಮಾತ್ರ ಬಿಟ್ಟು, ಪ್ರಾಯಶ್ಚಿತ್ತವೆಂಬಂತೆ ದಿನವೂ ಕೋಟು ಬಿಚ್ಚದೆ ಎದೆಮಟ್ಟ ನೀರಿಗಿಳಿದು, ಪಕ್ಕದ ಹೂಳನ್ನು ಕೈಯಾರೆ ಬಾಚುತ್ತಾನೆ. ಈ ಸಲ ಕೊನೆಯ ಗದ್ದೆಯ ಯರ್ರಿಸ್ವಾಮಿ ಕುಡುಗೋಲು ಹಿಡಿದೇ ಬಂದ.

"ಲೇ ಗಾದಿಲಿಂಗ, ಹಕ್ಕಿ ಹಾಡಿದ್ರ ನನ್ ಭತ್ತ ಹಾಲು ತುಂಬ್ತೈತೇನಲೇ?"

"ಆಕಿ ಇರೂತನ ಕೊಯ್ಯಂಗಿಲ್ಲಪಾ."

ಬಳ್ಳಾರಿಯಿಂದ ದುರ್ಬೀನು ನೇತುಹಾಕಿಕೊಂಡು ಬರುವ ಕಾಲೇಜಿನ ಗೌತಮಿ ಮೇಡಂ ಅಂದು ಅಲ್ಲೇ ಇದ್ದರು. "ಆಕಿ ಅಲ್ಲ ಕಾಕಾ, ಆತ. ಹಿಂಗ ಹಾಡೋದು ಗಂಡು. ಹೆಣ್ಣನ್ನ ಕರಿಯಾಕ ಹತ್ತೈತಿ."

ಎಡಗಿವಿ ಜೊಂಡಿನತ್ತ ಇನ್ನಷ್ಟು ವಾಲಿತು. ಮೂರು ವರ್ಷ ಹೆಂಡತಿಯ ಬೈಗುಳವೆಂದು ಕೇಳಿದ್ದು ತನ್ನಂಥದೇ ಒಂದು ಗಂಡುಪ್ರಾಣಿಯ ಕೂಗಾಗಿತ್ತು.

"ಯರ್ರೀ," ಎಂದ ಕೊನೆಗೆ, "ಒಂದ್ ವಾರ ತಡೀ. ಕರದು ಮುಗಸ್ಲಿ. ಅಲ್ಲೀತನ ನಿನ್ ಗದ್ದಿಗೆ ನೀರು ನಾ ಮುಟ್ಟಸ್ತೀನಿ."

ಯರ್ರಿಸ್ವಾಮಿ ಕುಡುಗೋಲನ್ನು ಅವನ ಕೈಗಿಟ್ಟ. "ವಾರ ಅಂದ್ರ ವಾರ. ಆಮ್ಯಾಲ ನೀನ ಕೊಯ್ಬೇಕು."

ಎಂಟನೆಯ ಬೆಳಿಗ್ಗೆ ಜೊಂಡು ಮಾತಾಡಲಿಲ್ಲ. ಗಾದಿಲಿಂಗಪ್ಪ ಬುತ್ತಿ ಬಿಚ್ಚಿ, ಅರ್ಧಕ್ಕೇ ಕಟ್ಟಿ, ನೀರಿಗಿಳಿದು ತಾನೇ ಕೊಯ್ದ. ಬೇರಿಗೆ ಮಾತ್ರ ಕುಡುಗೋಲು ತಾಕದಂತೆ. ಸೀಗಿ ಹುಣ್ಣಿಮೆಗೆ ಮತ್ತೆ ಆಳೆತ್ತರ ಬೆಳೆಯಬೇಕಲ್ಲ.

ನೀರುಗಂಟಿಗಳೇ ಹೀಗೆ. ಬಂದದ್ದೆಲ್ಲ ಹರಿದುಹೋಗುವುದನ್ನು ದಿನವೂ ಕಂಡವರು. ಏನನ್ನೂ ಹಿಡಿದಿಟ್ಟುಕೊಳ್ಳರು, ಬರುವ ದಾರಿಯನ್ನಷ್ಟೇ ಕಾಯುತ್ತಾರೆ.